ಉಪ್ಪುನೀರಿನಲ್ಲಿ ಮೊಳೆಯದ ಬೀಜ ಸತ್ತಿದೆಯೋ, ಕಾಯುತ್ತಿದೆಯೋ? ತುಳಸಿ, ಇಸಬಗೋಲು, ಅಶ್ವಗಂಧಗಳ ಬಗ್ಗೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಾನು ಔಷಧಿ ಗಿಡಗಳ ಸಸಿಗಳನ್ನು ಬೆಳೆಸುವವನು. ಸಸಿಮಡಿಗಳಿಗೆ ಹಾಯಿಸುವ ಕೊಳವೆಬಾವಿಯ ನೀರು ಎರಡು ವರ್ಷಗಳಿಂದ ಸ್ವಲ್ಪಸ್ವಲ್ಪವೇ ಉಪ್ಪಾಗುತ್ತ ಬಂದಿದ್ದು, ಇತ್ತೀಚೆಗೆ ಪರೀಕ್ಷೆ ಮಾಡಿಸಿದಾಗ ಅದರ ವಿದ್ಯುತ್ ವಾಹಕತೆ, ಅಂದರೆ ನಾವೆಲ್ಲ ಇಸಿ ಎಂದು ಕರೆಯುವ ಅಳತೆ, ಮೀಟರಿಗೆ 3 ಡೆಸಿಸೀಮನ್ಸ್ ಎಂದು ಬಂತು. ಮಡಿಗಳಲ್ಲಿ ಇಸಬಗೋಲು ಅಲ್ಲಲ್ಲಿ ಗುಂಪಾಗಿ ಹುಟ್ಟಿ ನಡುನಡುವೆ ಅಂಗೈ ಅಗಲದ ಬೋಳು ಜಾಗಗಳು ಉಳಿಯುತ್ತಿವೆ. ತುಳಸಿಯಂತೂ ಕಾಲುಭಾಗವೂ ಮೇಲೇಳುತ್ತಿಲ್ಲ.

ಕಾರಣ ಉಪ್ಪೇ ಹೌದೋ ಅಲ್ಲವೋ ಎಂದು ತಿಳಿಯಲು ಮನೆಯಲ್ಲೇ ಪೆಟ್ರಿ ತಟ್ಟೆಗಳಲ್ಲಿ ಸೋಸುಕಾಗದ ಹಾಸಿ, ತಟ್ಟೆಗೆ 25 ಬೀಜಗಳಂತೆ ಇಟ್ಟು, ಬಟ್ಟಿ ಇಳಿಸಿದ ನೀರಿನ ಜೊತೆಗೆ 50, 100 ಮತ್ತು 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣಗಳಲ್ಲಿ ಮೊಳಕೆ ಪರೀಕ್ಷೆ ಮಾಡಿದೆ. ಇಸಬಗೋಲು 50ರಲ್ಲಿ ಒಂದು ದಿನ ತಡವಾಗಿಯಾದರೂ ಸಾದಾ ನೀರಿನಷ್ಟೇ ಮೊಳೆಯಿತು; 100ರಲ್ಲೂ ಹೆಚ್ಚಿನ ಬೀಜಗಳು ಬಂದವು. ತುಳಸಿ 100ರಲ್ಲಿ ಅರ್ಧಕ್ಕೂ ಕಡಿಮೆಯಾಯಿತು, ಬಂದವುಗಳ ಬೇರಿನ ತುದಿ ಕಂದುಬಣ್ಣಕ್ಕೆ ತಿರುಗಿತ್ತು. 150ರಲ್ಲಿ ಹತ್ತು ದಿನ ಕಳೆದರೂ ಒಂದೂ ಮೊಳೆಯಲಿಲ್ಲ. ಅಶ್ವಗಂಧ ಸಾದಾ ನೀರಿನಲ್ಲೇ ಮೂರರಲ್ಲೊಂದು ಮೊಳೆತಿದ್ದರಿಂದ ಅದರ ವಿಷಯದಲ್ಲಿ ಏನು ಹೇಳಬೇಕೆಂದು ತಿಳಿಯುತ್ತಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಸಾದಾ ನೀರಿನಲ್ಲಿ ಇಸಬಗೋಲಿನ ಪ್ರತಿ ಬೀಜದ ಸುತ್ತ ಕೆಲವೇ ನಿಮಿಷಗಳಲ್ಲಿ ದಪ್ಪನೆಯ ಲೋಳೆಯ ಪೊರೆ ಉಬ್ಬಿತು. 150ರ ತಟ್ಟೆಯಲ್ಲಿ ಅದೇ ಪೊರೆ ತೆಳುವಾಗಿ, ಬೀಜಕ್ಕೆ ಅಂಟಿಕೊಂಡಂತೆ ಉಳಿಯಿತು.

ಈಗ ನನ್ನ ಗೊಂದಲಗಳನ್ನು ಹೇಳುತ್ತೇನೆ. 150ರ ತಟ್ಟೆಯ ತುಳಸಿ ಬೀಜಗಳು ಕೊಳೆತಿಲ್ಲ, ಚಿಮಟದಿಂದ ಒತ್ತಿದರೆ ಗಟ್ಟಿಯಾಗಿಯೇ ಇವೆ; ಅವು ಸತ್ತಿವೆಯೇ, ಇಲ್ಲವೇ ಒಳ್ಳೆಯ ನೀರು ಸಿಗಲಿ ಎಂದು ಕಾಯುತ್ತಿವೆಯೇ? ತಟ್ಟೆಯಲ್ಲಿ 100 ಮಿಲಿಮೋಲಾರನ್ನೂ ಸಹಿಸಿದ ಇಸಬಗೋಲು ಅದಕ್ಕಿಂತ ಎಷ್ಟೋ ಕಡಿಮೆ ಉಪ್ಪಿರುವ ಕೊಳವೆಬಾವಿಯ ನೀರಿಗೆ ಮಡಿಯಲ್ಲಿ ಸೋಲುವುದೇಕೆ? ಅನುಭವವಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಮಸ್ಕಾರ. ತಾವು ಕೇಳಿರುವ ಮೊದಲನೆಯ ಪ್ರಶ್ನೆ ಬೀಜ ಪರೀಕ್ಷೆ ಮಾಡುವ ಎಲ್ಲರೂ ಕೇಳಿಕೊಳ್ಳಬೇಕಾದದ್ದು. ಬಹಳಷ್ಟು ಮಂದಿ ಮೊಳೆತವುಗಳನ್ನು ಎಣಿಸಿ, ಉಳಿದವನ್ನು ಎಸೆದು, ಲೆಕ್ಕ ಮುಗಿಸಿಬಿಡುತ್ತಾರೆ. ಮೊಳೆಯದೆ ಉಳಿದ ಬೀಜಗಳಲ್ಲೇ ಅರ್ಧ ಉತ್ತರವಿರುತ್ತದೆ.

ಉಪ್ಪು ಬೀಜಕ್ಕೆ ಎರಡು ಬಗೆಯ ತೊಂದರೆಯನ್ನು ಕೊಡುತ್ತದೆ. ಒಂದು ಬಾಯಾರಿಕೆ. ಒಣ ಬೀಜ ನೀರನ್ನು ಹೀರಿಕೊಂಡು ಉಬ್ಬುವುದು ಮೊದಲ ಹಂತ. ಆಮೇಲೆ ಹೊರಗೆ ಏನೂ ಕಾಣದಿದ್ದರೂ ಒಳಗೆ ಉಸಿರಾಟ ಚುರುಕಾಗಿ, ಕಿಣ್ವಗಳು ಎಚ್ಚೆತ್ತು, ಕೂಡಿಟ್ಟ ಆಹಾರ ಕರಗತೊಡಗುವ ಎರಡನೆಯ ಹಂತ. ಕೊನೆಗೆ ಬೇರುಮೊಳಕೆ ಸಿಪ್ಪೆಯನ್ನು ಸೀಳಿ ಹೊರಬರುವ ಮೂರನೆಯ ಹಂತ. ನೀರಿನಲ್ಲಿ ಉಪ್ಪು ಕರಗಿದಷ್ಟೂ ಆ ನೀರನ್ನು ಒಳಕ್ಕೆಳೆಯುವುದು ಬೀಜಕ್ಕೆ ಕಷ್ಟವಾಗುತ್ತದೆ. 100 ಮಿಲಿಮೋಲಾರ್ ದ್ರಾವಣವೆಂದರೆ ಲೀಟರಿಗೆ 5.84 ಗ್ರಾಂ ಉಪ್ಪು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಅಭಿಸರಣ ವಿಭವ, ಅಂದರೆ ಕರಗಿದ ಉಪ್ಪು ನೀರನ್ನು ಎಷ್ಟು ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಅಳತೆ, ಸುಮಾರು ಮೈನಸ್ 0.46 ಮೆಗಾಪಾಸ್ಕಲ್. ಒಣ ಬೀಜದ ಸೆಳೆತ ಇದಕ್ಕಿಂತ ಎಷ್ಟೋ ಪಟ್ಟು ಬಲವಾಗಿರುವುದರಿಂದ ಮೊದಲ ಹಂತ ಹೇಗೋ ಸಾಗಿಬಿಡುತ್ತದೆ. ಎರಡನೆಯ ಹಂತ ಉದ್ದವಾಗುತ್ತದೆ, ಮೂರನೆಯದಕ್ಕೆ ಬೇಕಾದ ಒಳಒತ್ತಡ ಕೂಡಿಬರುವುದಿಲ್ಲ. ತಮ್ಮ ಇಸಬಗೋಲು 50ರಲ್ಲಿ ಒಂದು ದಿನ ತಡವಾದದ್ದು ಹೀಗೆಯೇ ಇರಬೇಕು.

ಎರಡನೆಯದು ವಿಷ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಭ್ರೂಣದ ಜೀವಕೋಶಗಳನ್ನು ಹೊಕ್ಕು, ಪೊಟ್ಯಾಸಿಯಂ ಇರಬೇಕಾದ ಜಾಗದಲ್ಲಿ ಸೋಡಿಯಂ ಸೇರಿಕೊಂಡು, ಕಿಣ್ವಗಳ ಕೆಲಸವನ್ನು ಕೆಡಿಸುತ್ತವೆ. ಕ್ಯಾಲ್ಸಿಯಂ ಸಾಲದಿದ್ದರೆ ಕೋಶಪೊರೆಗಳು ಸೋರತೊಡಗುತ್ತವೆ. ಬಾಯಾರಿದ ಬೀಜ ನೀರು ಸಿಕ್ಕೊಡನೆ ಚೇತರಿಸಿಕೊಳ್ಳುತ್ತದೆ, ವಿಷವೇರಿದ ಬೀಜ ಚೇತರಿಸಿಕೊಳ್ಳುವುದಿಲ್ಲ. ತಾವು ನೋಡಿದ ಕಂದು ಬೇರುತುದಿ ನನಗೆ ಎರಡನೆಯದರ ಗುರುತಿನಂತೆ ಕಾಣುತ್ತದೆ, ಏಕೆಂದರೆ ಬರೀ ಬಾಯಾರಿಕೆಯಿಂದ ಕುಗ್ಗಿದ ಬೇರು ಸಾಮಾನ್ಯವಾಗಿ ಗಿಡ್ಡವಾಗಿದ್ದರೂ ಬೆಳ್ಳಗಿರುತ್ತದೆ.

ಇವೆರಡನ್ನು ಬೇರ್ಪಡಿಸಿ ನೋಡಲು ಎರಡು ದಾರಿಗಳಿವೆ, ಎರಡನ್ನೂ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಮೊದಲನೆಯದು ಚೇತರಿಕೆ ಪರೀಕ್ಷೆ. ಹತ್ತು ದಿನ ಕಳೆದರೂ ಮೊಳೆಯದ ಬೀಜಗಳನ್ನು ಚಹಾ ಸೋಸುವಂಥ ಜರಡಿಯಲ್ಲಿ ಹಾಕಿ, ಬಟ್ಟಿ ಇಳಿಸಿದ ನೀರಿನಿಂದ ಮೂರು ಸಲ ತೊಳೆದು, ಹೊಸ ಸೋಸುಕಾಗದದ ಮೇಲೆ ಸಾದಾ ನೀರಿನಲ್ಲಿಟ್ಟು ಇನ್ನೂ ಹತ್ತು ದಿನ ಕಾಯಿರಿ. ಹೀಗೆ ಇಟ್ಟವುಗಳಲ್ಲಿ ಎಷ್ಟು ಮೊಳೆತವೆಂಬುದೇ ಚೇತರಿಕೆಯ ಪ್ರಮಾಣ. ಆಗಲೂ ಮೊಳೆಯದವುಗಳನ್ನು ಉದ್ದಕ್ಕೆ ಸೀಳಿ ಟೆಟ್ರಜೋಲಿಯಂ ದ್ರಾವಣದಲ್ಲಿ ನೆನೆಸಿದರೆ ಜೀವಂತ ಭ್ರೂಣ ಕೆಂಪಾಗುತ್ತದೆ, ಸತ್ತದ್ದು ಬಿಳಿಯಾಗಿಯೇ ಉಳಿಯುತ್ತದೆ. ತುಳಸಿಯಷ್ಟು ಸಣ್ಣ ಬೀಜವನ್ನು ಸೀಳುವುದಕ್ಕೆ ತಾಳ್ಮೆ ಬೇಕು. ಮಸೂರದ ಕೆಳಗಿಟ್ಟು ಹೊಸ ಬ್ಲೇಡಿನಿಂದ ಮಾಡಬೇಕು.

ಎರಡನೆಯ ದಾರಿಯಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ 6000 ಎಂಬ ದೊಡ್ಡ ಅಣುವಿನ ವಸ್ತುವನ್ನು ಬಳಸುತ್ತಾರೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಜೀವಕೋಶದೊಳಗೆ ಹೋಗುವುದಿಲ್ಲ. ಒಂದು ಕಿಲೋಗ್ರಾಂ ನೀರಿಗೆ ಸುಮಾರು 190 ಗ್ರಾಂ ಬೆರೆಸಿದರೆ 25 ಡಿಗ್ರಿಯಲ್ಲಿ 100 ಮಿಲಿಮೋಲಾರ್ ಉಪ್ಪುನೀರಿನಷ್ಟೇ ಬಾಯಾರಿಕೆಯನ್ನು ಉಂಟುಮಾಡುತ್ತದೆ. ಅದರಲ್ಲಿ ತುಳಸಿ ಚೆನ್ನಾಗಿ ಮೊಳೆತು ಉಪ್ಪಿನಲ್ಲಿ ಮೊಳೆಯದಿದ್ದರೆ ದೋಷ ಅಯಾನುಗಳದ್ದು. ಎರಡರಲ್ಲೂ ಒಂದೇ ಮಟ್ಟಕ್ಕೆ ಕುಸಿದರೆ ನೀರಿನ ಕೊರತೆಯದ್ದು.

ತಟ್ಟೆಯ ಪರೀಕ್ಷೆಯಲ್ಲಿ ಒಂದು ಕಡೆ ಬಹಳ ಎಚ್ಚರಿಕೆ ಬೇಕು. ತಾವು ದ್ರಾವಣವನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಿದಿರಿ ಎಂದು ಬರೆದಿಲ್ಲ. ನಾನು ಹಿಂದೆ ಮಾಡಿದ ತಪ್ಪನ್ನೇ ಹೇಳುತ್ತೇನೆ: ತಟ್ಟೆಗೆ 5 ಮಿಲಿಲೀಟರ್ 100 ಮಿಲಿಮೋಲಾರ್ ದ್ರಾವಣ ಹಾಕಿ ಮುಚ್ಚಳ ಸಡಿಲವಾಗಿ ಮುಚ್ಚಿ ಇಟ್ಟಿದ್ದೆ, ಕೆಲವು ದಿನಗಳಲ್ಲಿ ಅರ್ಧ ನೀರು ಆವಿಯಾಗಿ ಹೋಗಿತ್ತು. ಉಪ್ಪು ಆವಿಯಾಗುವುದಿಲ್ಲವಷ್ಟೆ, ಉಳಿದದ್ದು 200 ಮಿಲಿಮೋಲಾರ್ ಆಗಿತ್ತು. ಅದು ಗೊತ್ತಾಗದೆ ನಾನು ಮತ್ತೆ 100ರ ದ್ರಾವಣವನ್ನೇ ಮೇಲಿಂದ ಸುರಿದು ಇನ್ನಷ್ಟು ಉಪ್ಪೇರಿಸಿದ್ದೆ. ಅಂಚಿನ ಸೋಸುಕಾಗದದ ಮೇಲೆ ಬಿಳಿಯ ಗೆರೆ ಕಂಡಾಗಲೇ ಎಚ್ಚರವಾದದ್ದು, ಅಷ್ಟರಲ್ಲಿ ಇಡೀ ಸುತ್ತಿನ ಲೆಕ್ಕ ಹಾಳಾಗಿತ್ತು. ಆದ್ದರಿಂದ ತಟ್ಟೆಯ ಅಂಚಿಗೆ ಪ್ಯಾರಾಫಿನ್ ಪಟ್ಟಿ ಸುತ್ತಿ, ಎರಡು ದಿನಕ್ಕೊಮ್ಮೆ ಕಾಗದವನ್ನೂ ದ್ರಾವಣವನ್ನೂ ಪೂರ್ತಿಯಾಗಿ ಬದಲಿಸಿರಿ.

ಮೊಳಕೆಯ ಪ್ರಮಾಣವೊಂದನ್ನೇ ನೋಡಬೇಡಿರಿ. ಬೇರುಮೊಳಕೆ 2 ಮಿಲಿಮೀಟರ್ ದಾಟಿದಾಗ ಮೊಳೆತಿದೆ ಎಂದು ಎಣಿಸುವುದು ವಾಡಿಕೆ. ಅಷ್ಟಾದ ಮೇಲೂ ಆ ಮೊಳಕೆ ಗಿಡವಾಗುವುದೆಂಬ ಭರವಸೆಯಿಲ್ಲ. ಪ್ರತಿದಿನ ಎಣಿಸಿ, ಆ ದಿನ ಮೊಳೆತ ಬೀಜಗಳ ಸಂಖ್ಯೆಯನ್ನು ದಿನದ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಮೊಳೆತ ಬೀಜಗಳಿಂದ ಭಾಗಿಸಿದರೆ ಸರಾಸರಿ ಮೊಳಕೆಯ ಕಾಲ ಸಿಗುತ್ತದೆ. ಮೊಳಕೆಯ ಶೇಕಡಾ ಪ್ರಮಾಣವನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸಿದರೆ ಸಸಿಯ ಕಸುವಿನ ಸೂಚ್ಯಂಕ. ಉಪ್ಪಿನ ಪರಿಣಾಮ ಬಹಳ ಸಲ ಮೊದಲು ಕಾಲದಲ್ಲಿ, ಆಮೇಲೆ ಉದ್ದದಲ್ಲಿ, ಕೊನೆಗೆ ಶೇಕಡಾ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆ. ಶೇಕಡಾವನ್ನು ಮಾತ್ರ ನೋಡುವವರಿಗೆ ಮೊದಲ ಎರಡು ಎಚ್ಚರಿಕೆಗಳು ತಪ್ಪಿಹೋಗುತ್ತವೆ.

ಲೋಳೆಯ ಬಗ್ಗೆ ತಮ್ಮ ಗಮನಿಕೆ ಬಹಳ ಸೊಗಸಾದದ್ದು. ಆ ಲೋಳೆಯ ಸಕ್ಕರೆಸರಪಳಿಗಳಲ್ಲಿ ಋಣ ವಿದ್ಯುದಂಶವಿರುವ ಭಾಗಗಳಿದ್ದು, ಸಾದಾ ನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುವುದರಿಂದ ಲೋಳೆ ಅಗಲವಾಗಿ ಹರಡಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಸೋಡಿಯಂ ಅಯಾನುಗಳು ಆ ವಿದ್ಯುದಂಶವನ್ನು ಮರೆಮಾಡುತ್ತವೆ, ತಳ್ಳಾಟ ತಗ್ಗುತ್ತದೆ, ಲೋಳೆ ಕುಗ್ಗುತ್ತದೆ. ಅಂದರೆ ಬೀಜದ ಸುತ್ತ ತೇವವನ್ನು ಹಿಡಿದಿಡಬೇಕಾದ ಹೊದಿಕೆಯೇ ತೆಳುವಾಗುತ್ತದೆ.

ಎರಡನೆಯ ಉತ್ತರ

ಅಶ್ವಗಂಧದ ಬಗ್ಗೆ ಮಾತ್ರ ಒಂದು ಮಾತು. ಅದರ ಬೀಜಕ್ಕೆ ಸುಪ್ತಾವಸ್ಥೆಯ ಗುಣವಿದ್ದು, ಅಂದರೆ ಜೀವವಿದ್ದರೂ ಮೊಳೆಯದೆ ಮಲಗಿರುವ ಗುಣವಿದ್ದು, ಸಾದಾ ನೀರಿನಲ್ಲೇ ಮೊಳಕೆ ಕಡಿಮೆ ಮತ್ತು ಏರುಪೇರಾಗಿರುವುದು ಸಾಮಾನ್ಯ. ಹೋಲಿಕೆಗೆ ಇಟ್ಟ ತಟ್ಟೆಯೇ ಮೂರರಲ್ಲೊಂದು ಮೊಳೆತಿರುವಾಗ ಉಪ್ಪಿನ ತಟ್ಟೆಗಳ ಲೆಕ್ಕಕ್ಕೆ ಅರ್ಥವಿರುವುದಿಲ್ಲ. ಅಲ್ಲಿ ಉಪ್ಪಿನ ಪರಿಣಾಮವೂ ಸುಪ್ತಾವಸ್ಥೆಯೂ ಕಲಸಿಹೋಗಿವೆ. ಮೊದಲು ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯ ಹಾರ್ಮೋನಿನ ದ್ರಾವಣದಲ್ಲಿ ನೆನೆಸಿ ಸುಪ್ತಾವಸ್ಥೆಯನ್ನು ಮುರಿದು, ಸಾದಾ ನೀರಿನಲ್ಲಿ ಮೊಳಕೆ ಒಂದು ತೃಪ್ತಿಕರ ಮಟ್ಟಕ್ಕೆ ಬಂದ ಮೇಲೆ ಉಪ್ಪಿನ ಪರೀಕ್ಷೆ ಮಾಡಿರಿ. ನೆಲಬೇವಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಮೂರನೆಯ ಉತ್ತರ

ತಟ್ಟೆಯಲ್ಲಿ ಗೆದ್ದ ಇಸಬಗೋಲು ಮಡಿಯಲ್ಲಿ ಏಕೆ ಸೋತಿತು ಎಂಬ ಎರಡನೆಯ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ, ಏಕೆಂದರೆ ಇದೇ ಒಗಟಿನಲ್ಲಿ ನಾನೂ ಒಂದು ಹಂಗಾಮು ಕಳೆದಿದ್ದೇನೆ.

100 ಮಿಲಿಮೋಲಾರ್ ಉಪ್ಪುನೀರಿನ ಇಸಿ ಸುಮಾರು 10 ಡೆಸಿಸೀಮನ್ಸ್. ತಮ್ಮ ಕೊಳವೆಬಾವಿಯದು 3. ಮೇಲ್ನೋಟಕ್ಕೆ ಬೀಜ ಹೆದರಬೇಕಾದ ಕಾರಣವೇ ಇಲ್ಲ. ಆದರೆ ಬೀಜ ಕುಡಿಯುವುದು ಕೊಳವೆಬಾವಿಯ ನೀರನ್ನಲ್ಲ, ತಾನು ಮಲಗಿರುವ ಅರ್ಧ ಸೆಂಟಿಮೀಟರ್ ಮಣ್ಣಿನೊಳಗಿನ ನೀರನ್ನು. ಬಿಸಿಲಿಗೆ ಮಡಿಯ ಮೇಲ್ಮೈ ಒಣಗುತ್ತಿದ್ದಂತೆ ಕೆಳಗಿನ ತೇವ ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲೇರಿ ಬರುತ್ತದೆ, ತನ್ನೊಡನೆ ಉಪ್ಪನ್ನೂ ತರುತ್ತದೆ. ನೀರು ಗಾಳಿಗೆ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಪ್ರತಿ ಸಲ ಚಿಮುಕಿಸಿದಾಗಲೂ ಇದು ಪುನರಾವರ್ತನೆಯಾಗಿ, ಹತ್ತು ದಿನಗಳಲ್ಲಿ ಮೇಲಿನ ಒಂದೆರಡು ಸೆಂಟಿಮೀಟರ್ ಮಣ್ಣು ಕೆಳಗಿನದಕ್ಕಿಂತ ಹಲವು ಪಟ್ಟು ಉಪ್ಪಾಗಿಬಿಡುತ್ತದೆ. ಹೊಲದ ಬೆಳೆಗೆ ಇದು ಅಷ್ಟಾಗಿ ಬಾಧಿಸದಿರಬಹುದು. ಅದರ ಬೀಜ ದಪ್ಪ, ಬಿತ್ತುವ ಆಳ ಹೆಚ್ಚು. ಔಷಧಿ ಗಿಡಗಳ ಬೀಜಗಳೋ ಬಹುಪಾಲು ಅತಿ ಸಣ್ಣವು. ಇಸಬಗೋಲಿನ ಸಾವಿರ ಬೀಜಗಳನ್ನು ತೂಗಿದರೆ ಎರಡು ಗ್ರಾಂ ಮೀರುವುದು ಅಪರೂಪ. ತುಳಸಿಯದು ಅದಕ್ಕಿಂತಲೂ ಹಗುರ. ಆಳಕ್ಕೆ ಬಿತ್ತಿದರೆ ಮೇಲೇಳುವ ಶಕ್ತಿಯಿಲ್ಲ, ಮೇಲೆ ಬಿತ್ತಿದರೆ ಉಪ್ಪಿನ ಪದರದಲ್ಲೇ ಮಲಗಬೇಕು. ಮೊಳಕೆ ನಾಲ್ಕು ದಿನ ತಡವಾಯಿತೆಂದರೆ ಒಳಗೆ ಕೂಡಿಟ್ಟ ಅಲ್ಪ ಆಹಾರವೂ ಅಷ್ಟರಲ್ಲಿ ಸವೆದಿರುತ್ತದೆ. ಈ ಗಿಡಗಳ ವಿಷಯದಲ್ಲಿ ಉಪ್ಪಿನ ಸಮಸ್ಯೆ ಇಷ್ಟು ತೀವ್ರವಾಗಿ ಕಾಣುವುದಕ್ಕೆ ಬೀಜದ ಗಾತ್ರವೇ ದೊಡ್ಡ ಕಾರಣವೆಂದು ನನ್ನ ನಂಬಿಕೆ.

ಪರೀಕ್ಷಿಸಿ ನೋಡುವುದು ಸುಲಭ. ಬೋಳು ಜಾಗದಲ್ಲಿ ಮೇಲಿನ 2 ಸೆಂಟಿಮೀಟರ್ ಮಣ್ಣನ್ನು ಚಮಚದಿಂದ ಕೆರೆದು ಒಂದು ಚೀಲಕ್ಕೆ, ಅದೇ ಜಾಗದ 10ರಿಂದ 15 ಸೆಂಟಿಮೀಟರ್ ಆಳದ ಮಣ್ಣನ್ನು ಇನ್ನೊಂದು ಚೀಲಕ್ಕೆ ಹಾಕಿ, ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಎಲ್ಲವನ್ನೂ ಒಟ್ಟಿಗೆ ಕಲಸಿ ಕಳಿಸುವ ವಾಡಿಕೆಯ ಮಾದರಿಯಲ್ಲಿ ಈ ವ್ಯತ್ಯಾಸ ಮುಳುಗಿಹೋಗುತ್ತದೆ. ವರದಿ ಬಂದಾಗ ಯಾವ ವಿಧಾನದಲ್ಲಿ ಅಳೆದರೆಂದು ಕೇಳುವುದನ್ನು ಮರೆಯಬೇಡಿರಿ. ಇಸಿ 4 ಡೆಸಿಸೀಮನ್ಸ್ ದಾಟಿದರೆ ಸವುಳು ಮಣ್ಣು ಎಂಬ ಪ್ರಸಿದ್ಧ ಗೆರೆ ಮಣ್ಣನ್ನು ಕೆಸರಿನ ಹದಕ್ಕೆ ಕಲಸಿ ಹಿಂಡಿ ತೆಗೆದ ನೀರಿಗೆ ಸಂಬಂಧಿಸಿದ್ದು. ಒಂದು ಪಾಲು ಮಣ್ಣಿಗೆ ಐದು ಪಾಲು ನೀರು ಬೆರೆಸಿ ಅಳೆದರೆ ಉಪ್ಪು ತೆಳುವಾಗಿ ಅಂಕಿ ಬಹಳ ಕಡಿಮೆ ಬರುತ್ತದೆ. ಎರಡನ್ನೂ ಒಂದೇ ಎಂದು ಓದಿಕೊಂಡು ಮಣ್ಣು ಚೆನ್ನಾಗಿದೆ ಎಂದು ನೆಮ್ಮದಿಯಿಂದ ಕುಳಿತವರನ್ನು ನೋಡಿದ್ದೇನೆ.

ಪರಿಹಾರದ ಮಾತಿಗೆ ಬಂದರೆ, ಬಿತ್ತುವ ಮೊದಲು ಮಡಿಯನ್ನು ಧಾರಾಳವಾಗಿ ನೆನೆಸಿ ಉಪ್ಪನ್ನು ಕೆಳಕ್ಕೆ ತೊಳೆಯುವುದು ಮೊದಲ ಕೆಲಸ. ನೀರು ಚೆನ್ನಾಗಿ ಬಸಿದುಹೋಗುವ ಮಣ್ಣಾದರೆ, 15 ಸೆಂಟಿಮೀಟರ್ ಆಳದ ಮಣ್ಣಿನ ಮೂಲಕ 15 ಸೆಂಟಿಮೀಟರ್ ಎತ್ತರದ ಒಳ್ಳೆಯ ನೀರು ಹಾದುಹೋದಾಗ ಕರಗುವ ಉಪ್ಪಿನ ಐದರಲ್ಲಿ ನಾಲ್ಕು ಪಾಲು ತೊಳೆದುಹೋಗುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಇದಕ್ಕೆ ಮಳೆನೀರಿನ ಸಂಗ್ರಹವಿದ್ದರೆ ಅದನ್ನೇ ಬಳಸಿರಿ. ಮೊಳಕೆಯ ಹತ್ತು ಹದಿನೈದು ದಿನಗಳಿಗೆ ಮಾತ್ರ ಒಳ್ಳೆಯ ನೀರು ಒದಗಿಸಿದರೂ ಬಹಳಷ್ಟು ಗಿಡಗಳು ಉಳಿಯುತ್ತವೆ. ಬಿತ್ತಿದ ಮೇಲೆ ತೆಳುವಾದ ಹುಲ್ಲಿನ ಹೊದಿಕೆ ಹಾಕಿದರೆ ಮೇಲ್ಮೈ ಆವಿಯಾಗುವುದು ತಗ್ಗಿ ಉಪ್ಪು ಮೇಲೇರುವುದೂ ತಗ್ಗುತ್ತದೆ. ದಿಂಡು ಮತ್ತು ಕಾಲುವೆ ಮಾಡಿ ನೀರು ಹಾಯಿಸುವುದಾದರೆ ದಿಂಡಿನ ನೆತ್ತಿಯ ಮೇಲೆ ಎಂದೂ ಬಿತ್ತಬೇಡಿರಿ, ಎರಡೂ ಕಡೆಯ ಕಾಲುವೆಗಳಿಂದ ಹೊರಟ ತೇವ ನೆತ್ತಿಯಲ್ಲೇ ಸೇರಿ ಉಪ್ಪನ್ನು ಅಲ್ಲೇ ಬಿಡುತ್ತದೆ. ದಿಂಡಿನ ಇಳಿಜಾರಿನಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬಿತ್ತಿರಿ. ತುಳಸಿಯನ್ನು ಸಸಿ ಬೆಳೆಸುವ ಟ್ರೇಗಳಲ್ಲಿ ಬೆಳೆಸಿ ನಾಟಿ ಮಾಡುವುದೇ ಲೇಸು.

ಜಿಪ್ಸಂ ಹಾಕಿರೆಂದು ಯಾರಾದರೂ ಹೇಳಿದರೆ ಮೊದಲು ಪಿಹೆಚ್ ಮತ್ತು ಸೋಡಿಯಂ ಪಾಲನ್ನು ನೋಡಿಸಿರಿ. ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಶೇಕಡಾ 15 ಮೀರಿದ ಕರಲು ಮಣ್ಣಿನಲ್ಲಿ, ಪಿಹೆಚ್ 8.5 ದಾಟಿರುವಲ್ಲಿ, ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಕಿತ್ತು ಹೊರಹಾಕುತ್ತದೆ, ಆಮೇಲೆ ನೀರು ಅದನ್ನು ತೊಳೆದೊಯ್ಯುತ್ತದೆ. ಬರೀ ಸವುಳು ಮಣ್ಣಿಗೆ ಅದನ್ನು ಸುರಿದರೆ ಇದ್ದ ಉಪ್ಪಿಗೆ ಇನ್ನೊಂದು ಉಪ್ಪು ಸೇರಿಸಿದಂತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ.

100ರ ತಟ್ಟೆಗಳಲ್ಲಿ ಮೊಳೆಯದೆ ಉಳಿದಿದ್ದ ತುಳಸಿ ಬೀಜಗಳನ್ನು ತೊಳೆದು ಸಾದಾ ನೀರಿಗಿಟ್ಟಾಗ ನಾಲ್ಕನೆಯ ದಿನದ ಹೊತ್ತಿಗೆ ಹೆಚ್ಚಿನವು ಮೊಳೆತವು, ಬೇರುಗಳೂ ಬೆಳ್ಳಗಿದ್ದವು. 150ರಿಂದ ತೆಗೆದವುಗಳಲ್ಲಿ ಅರ್ಧದಷ್ಟು ಮೊಳೆತವು, ಅವುಗಳಲ್ಲಿ ಕೆಲವು ಬೀಜದೆಲೆ ಬಿಚ್ಚುವ ಮೊದಲೇ ಬಾಗಿ ಬಿದ್ದವು. ದ್ರಾವಣವನ್ನು ನಾನು ಬದಲಿಸಿಯೇ ಇರಲಿಲ್ಲ, ಹಾಗಾಗಿ ನನ್ನ 150 ನಿಜವಾಗಿ ಎಷ್ಟಾಗಿತ್ತೋ ಹೇಳಲಾರೆ. ಇಡೀ ಪರೀಕ್ಷೆಯನ್ನು ಹೊಸದಾಗಿ ಆರಂಭಿಸಿದ್ದೇನೆ. ಬೋಳು ಜಾಗದ ಮೇಲ್ಮಣ್ಣಿನ ಇಸಿ ಕೆಳಗಿನ ಮಣ್ಣಿನ ನಾಲ್ಕು ಪಟ್ಟು ಬಂತು. ಆ ವರದಿಯನ್ನು ಕೈಯಲ್ಲಿ ಹಿಡಿದು ಮಡಿಯ ಮುಂದೆ ನಿಂತಾಗ, ಇಷ್ಟು ದಿನ ಬೀಜದ ಮೇಲೆ ಹೊರಿಸಿದ್ದ ದೋಷ ಎಲ್ಲಿತ್ತೆಂಬುದು ತಿಳಿಯಿತು.

ಇನ್ನೊಂದು ವಿಷಯವನ್ನು ಕೇಳಬೇಕಾಗಿದೆ. ಸ್ವಲ್ಪ ಉಪ್ಪು ಇದ್ದರೆ ಔಷಧಿ ಗಿಡಗಳಲ್ಲಿ ಸತ್ವ ಹೆಚ್ಚುತ್ತದೆ, ಆದ್ದರಿಂದ ಚಿಂತಿಸಬೇಕಾಗಿಲ್ಲ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇದು ನಿಜವೇ?

ನಾಲ್ಕನೆಯ ಉತ್ತರ

ಅದರಲ್ಲಿ ಸತ್ಯಾಂಶವಿದೆ, ಆದರೆ ಅದನ್ನೇ ನಂಬಿ ಉಪ್ಪುನೀರು ಹಾಯಿಸುವುದು ಸರಿಯಲ್ಲ.

ಮೊಳಕೆಯನ್ನು ದಾಟಿದ ಗಿಡಕ್ಕೆ ಉಪ್ಪು ಎರಡು ಹಂತಗಳಲ್ಲಿ ಪೆಟ್ಟು ಕೊಡುತ್ತದೆ ಎಂಬುದನ್ನು ಸಸ್ಯವಿಜ್ಞಾನಿಗಳಾದ ರಾನಾ ಮನ್ಸ್ ಮತ್ತು ಮಾರ್ಕ್ ಟೆಸ್ಟರ್ 2008ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಸ್ಪಷ್ಟವಾಗಿ ವಿವರಿಸಿದ್ದಾರೆ. ಬೇರಿನ ಸುತ್ತ ಉಪ್ಪು ಏರಿದ ಕೂಡಲೇ, ಅದು ಎಲೆಯನ್ನು ತಲುಪುವ ಮೊದಲೇ, ಹೊಸ ಎಲೆಗಳ ಬೆಳವಣಿಗೆ ನಿಧಾನವಾಗುತ್ತದೆ. ಇದು ನೀರಿನ ಕೊರತೆಯ ಹಂತ. ವಾರಗಳು ಕಳೆದಂತೆ ಹಳೆಯ ಎಲೆಗಳಲ್ಲಿ ಸೋಡಿಯಂ ತುಂಬಿ ತುದಿ ಮತ್ತು ಅಂಚುಗಳು ಸುಟ್ಟಂತೆ ಒಣಗುವುದು ಎರಡನೆಯ ಹಂತ. ಹಳೆಯ ಎಲೆಗಳು ಸಾಯುವ ವೇಗ ಹೊಸ ಎಲೆಗಳು ಬರುವ ವೇಗವನ್ನು ಮೀರಿದರೆ ಗಿಡ ಕುಸಿಯುತ್ತದೆ. ಸಹಿಸುವ ಗಿಡಗಳು ಸೋಡಿಯಂ ಅನ್ನು ಬೇರಿನಲ್ಲೇ ತಡೆಯುತ್ತವೆ, ಒಳಗೆ ಬಂದದ್ದನ್ನು ಕೋಶದ ರಸದಾನಿಯಲ್ಲಿ ಬಂಧಿಸಿಡುತ್ತವೆ, ಅದಕ್ಕೆ ಸರಿದೂಗುವಂತೆ ಕೋಶರಸದಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲದಂಥ ವಸ್ತುಗಳನ್ನು ಕೂಡಿಸಿಕೊಳ್ಳುತ್ತವೆ. ಇದಕ್ಕೆಲ್ಲ ಶಕ್ತಿ ಖರ್ಚಾಗುತ್ತದೆ, ಆ ಶಕ್ತಿ ಬೆಳವಣಿಗೆಯ ಪಾಲಿನಿಂದಲೇ ಬರಬೇಕು.

ಮೊದಲ ಹಂತದಲ್ಲಿ ಬೆಳವಣಿಗೆ ತಗ್ಗಿದರೂ ದ್ಯುತಿಸಂಶ್ಲೇಷಣೆ ಅಷ್ಟೇ ಪ್ರಮಾಣದಲ್ಲಿ ತಗ್ಗದಿದ್ದರೆ, ಉಳಿದ ಇಂಗಾಲ ಫೀನಾಲಿಕ್ ಸಂಯುಕ್ತಗಳು, ತೈಲಗಳು ಮುಂತಾದ ರಕ್ಷಣಾ ವಸ್ತುಗಳ ಕಡೆಗೆ ತಿರುಗಬಹುದು. ತುಳಸಿಯಂಥ ಗಿಡದಲ್ಲಿ ಎಲೆ ಚಿಕ್ಕದಾದಾಗ ತೈಲಗ್ರಂಥಿಗಳು ಒತ್ತೊತ್ತಾಗಿ ಕೂರುತ್ತವೆ, ಹಾಗಾಗಿ ಎಲೆಯನ್ನು ಉಜ್ಜಿದರೆ ಪರಿಮಳ ಹೆಚ್ಚಾಗಿರುವಂತೆ ತೋರುತ್ತದೆ. ತಮ್ಮ ಪರಿಚಿತರು ಇದನ್ನೇ ಕಂಡಿರಬೇಕು. ಆದರೆ ಪ್ರತಿ ಗ್ರಾಮಿನ ಸತ್ವ ಬೇರೆ, ಒಟ್ಟು ಸಿಗುವ ಸತ್ವ ಬೇರೆ. ಸತ್ವದ ಪ್ರಮಾಣ ಶೇಕಡಾ 20 ಏರಿ, ಎಲೆಯ ಒಣತೂಕ ಶೇಕಡಾ 40 ಇಳಿಯಿತೆಂದು ಇಟ್ಟುಕೊಳ್ಳಿ, 1.2ನ್ನು 0.6ರಿಂದ ಗುಣಿಸಿದರೆ 0.72, ಅಂದರೆ ಒಟ್ಟು ಸತ್ವದಲ್ಲಿ ಶೇಕಡಾ 28 ನಷ್ಟವೇ. ಯಾವ ಭಾಗ ಬೇಕೆಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಅಶ್ವಗಂಧದಲ್ಲಿ ಬೇರು ಬೇಕು, ಇಸಬಗೋಲಿನಲ್ಲಿ ಬೀಜದ ಹೊಟ್ಟು ಬೇಕು; ಎಲೆಯ ಬಗ್ಗೆ ಕಂಡದ್ದನ್ನು ಅವುಗಳಿಗೆ ಅನ್ವಯಿಸುವಂತಿಲ್ಲ.

ಔಷಧಿಯಾಗಿ ಕೊಳ್ಳುವವರು ನೋಡುವ ಇನ್ನೊಂದು ಅಂಶವನ್ನು ಬೆಳೆಯುವವರು ಮರೆಯುತ್ತಾರೆ. ಔಷಧಗಳ ಗುಣಮಟ್ಟವನ್ನು ಗೊತ್ತುಮಾಡುವ ಅಧಿಕೃತ ಗ್ರಂಥಗಳಾದ ಔಷಧಕೋಶಗಳು ಅನೇಕ ಮೂಲಿಕೆಗಳಿಗೆ ಒಟ್ಟು ಬೂದಿಯ ಮಿತಿಯನ್ನು ಗೊತ್ತುಮಾಡಿವೆ: ಒಣಮೂಲಿಕೆಯನ್ನು ಪೂರ್ತಿ ಸುಟ್ಟಾಗ ಉಳಿಯುವ ಖನಿಜಾಂಶ ಇಂತಿಷ್ಟು ಶೇಕಡಾ ಮೀರಬಾರದು ಎಂದು. ಉಪ್ಪುನೀರು ಕುಡಿದ ಎಲೆ ತನ್ನೊಳಗೆ ಸೋಡಿಯಂ ಕ್ಲೋರೈಡನ್ನು ತುಂಬಿಕೊಂಡಿರುವುದರಿಂದ ಅದರ ಬೂದಿ ಹೆಚ್ಚಾಗುತ್ತದೆ. ಪರಿಮಳ ಎಷ್ಟೇ ಚೆನ್ನಾಗಿದ್ದರೂ ಆ ಮಾಲು ಅಲ್ಲಿ ಸಿಕ್ಕಿಬೀಳಬಹುದು.

ನೀರನ್ನು ಬದಲಿಸಲಾಗದಿದ್ದರೆ ಗಿಡವನ್ನು ಬದಲಿಸುವ ದಾರಿಯಿದೆ. ಇಸಬಗೋಲು ಸ್ವಲ್ಪಮಟ್ಟಿಗೆ ಸಹಿಸುತ್ತದೆ ಎಂಬುದನ್ನು ತಾವೇ ಕಂಡಿದ್ದೀರಿ. ಗೋಣಿಸೊಪ್ಪು, ಜ್ಯೇಷ್ಠಮಧು, ಲಾವಂಚಗಳೂ ಸವುಳು ಮಣ್ಣಿಗೆ ಹೊಂದಿಕೊಳ್ಳುವವೆಂದು ಹೆಸರಾದವು. ಪುದೀನ ಉಪ್ಪಿಗೆ ಬೇಗ ಸೊರಗುತ್ತದೆ. ಯಾವುದನ್ನೇ ಆರಿಸಿದರೂ ಮೊಳಕೆಯಲ್ಲಿ ತೋರಿದ ಸಹನೆಯನ್ನು ಬೆಳೆದ ಗಿಡದ ಸಹನೆಯೆಂದು ಎಣಿಸಬೇಡಿರಿ. ಎರಡೂ ಬೇರೆಬೇರೆ ಗುಣಗಳು, ಒಂದರಲ್ಲಿ ಮುಂದಿರುವ ಗಿಡ ಇನ್ನೊಂದರಲ್ಲಿ ಹಿಂದಿರಬಹುದು.

ನೀರಿನ ಲೆಕ್ಕಕ್ಕೆ ಒಂದು ಸೂತ್ರ ಕೊಡುತ್ತೇನೆ. ಹಾಯಿಸುವ ನೀರಿನ ಇಸಿಯನ್ನು, ಗಿಡ ಸಹಿಸುವ ಮಣ್ಣಿನ ಇಸಿಯ ಐದು ಪಟ್ಟಿನಿಂದ ನೀರಿನ ಇಸಿಯನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಿದರೆ, ಹಾಯಿಸಿದ ನೀರಿನಲ್ಲಿ ಎಷ್ಟು ಪಾಲು ಬೇರಿನ ವಲಯವನ್ನು ದಾಟಿ ಕೆಳಕ್ಕೆ ಬಸಿದುಹೋಗಬೇಕೆಂಬುದು ಸಿಗುತ್ತದೆ. ತಮ್ಮ ನೀರು 3, ಗಿಡದ ಸಹನೆ 4 ಎಂದಾದರೆ 3ನ್ನು 17ರಿಂದ ಭಾಗಿಸಬೇಕು, ಸುಮಾರು 0.18. ಹಾಯಿಸಿದ ನೀರಿನ ಶೇಕಡಾ 18ರಷ್ಟು ಉಪ್ಪನ್ನು ತೊಳೆಯುವುದಕ್ಕೇ ಮೀಸಲು. ಸಸಿಮಡಿಯ ಕೆಳಗೆ ಬಸಿಗಾಲುವೆ ಇಲ್ಲದಿದ್ದರೆ ಆ ನೀರು ಅಲ್ಲೇ ನಿಂತು ಮತ್ತೆ ಮೇಲೇರುತ್ತದೆ, ಆದ್ದರಿಂದ ಹೊಸ ಬಿತ್ತನೆಗೆ ಮೊದಲು ಒಂದು ಮೊಳ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡಿ ಇಲ್ಲಿ ಬರೆಯಿರಿ.